ಒಬ್ಬರೇ ದೂರ ನಡೆಯುವ ಒಂದು ದಿನ: ಬೆಳಗಿನ ತಯಾರಿಯಿಂದ ರಸ್ತೆ ಬದಿಯ ಟೆಂಟ್‌ವರೆಗೆ

ದಿನವಿಡೀ ಒಬ್ಬರೇ ನಡೆಯುವುದು, ಕತ್ತಲಾದ ಮೇಲೆ ರಸ್ತೆ ಬದಿಯಲ್ಲೇ ಎಲ್ಲಾದರೂ ಟೆಂಟ್ ಹಾಕಿ ಮಲಗುವುದು. ಇದಕ್ಕೆ ದೊಡ್ಡ ಖರ್ಚಿನ ಸಾಮಾನು ಬೇಕಿಲ್ಲ. 1955ರಲ್ಲಿ ಎಮ್ಮಾ ಗೇಟ್‌ವುಡ್ ಎಂಬ ಅಮೆರಿಕದ ಅಜ್ಜಿ ತಮ್ಮ 67ನೇ ವಯಸ್ಸಿನಲ್ಲಿ 3,000 ಕಿಲೋಮೀಟರಿಗಿಂತ ಉದ್ದದ ಅಪಲಾಚಿಯನ್ ಟ್ರೇಲ್ ಎಂಬ ಕಾಲುದಾರಿಯನ್ನು ಒಬ್ಬರೇ ನಡೆದು ಮುಗಿಸಿದರು. ಕಾಲಿಗೆ ಮಾಮೂಲಿ ಕ್ಯಾನ್ವಾಸ್ ಶೂ, ಹೆಗಲಿಗೆ ತಾವೇ ಹೊಲಿದ ಚೀಲ, ಮಳೆ ಬಂದರೆ ಹೊದೆಯಲು ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ. ಟೆಂಟ್ ಕೂಡ ಇರಲಿಲ್ಲ.

ಸಾಮಾನು ಕಡಿಮೆಯಿದ್ದರೆ ನಡೆಯುತ್ತದೆ, ಲೆಕ್ಕ ತಪ್ಪಿದರೆ ಕಷ್ಟ. ಇಂಥ ದಿನಗಳಲ್ಲಿ ಏನಾದರೂ ಕೆಡುವುದಿದ್ದರೆ ಅದು ಹೆಚ್ಚಾಗಿ ಕೊನೆಯ ಎರಡು ಗಂಟೆಯಲ್ಲಿ ಕೆಡುತ್ತದೆ. ಕಾಲು ಸೋತಿರುತ್ತದೆ, ನೀರು ತಳ ಕಂಡಿರುತ್ತದೆ, ಬೆಳಕು ಹೋಗುತ್ತಿರುತ್ತದೆ. ಆಗ ಸಿಕ್ಕ ಜಾಗದಲ್ಲೇ ಟೆಂಟ್ ಹೊಡೆದುಬಿಡೋಣ ಅನ್ನಿಸುತ್ತದೆ. ಹಾಗಾಗಿ ನಾನು ಯಾರಿಗೇ ಹೇಳಿದರೂ ಮೊದಲು ಹೇಳುವುದು ಇದನ್ನೇ: ದಿನವನ್ನು ಬೆಳಗಿನಿಂದ ಸಂಜೆಗೆ ಲೆಕ್ಕ ಹಾಕಬೇಡಿ, ಸಂಜೆಯಿಂದ ಬೆಳಗಿಗೆ ಹಾಕಿ.

ಇಲ್ಲಿ ಹೇಳಿರುವುದು ವಾಹನ ಓಡಾಡುವ ರಸ್ತೆಯಲ್ಲಿ ನಡೆಯುವವರಿಗೆ. ದಟ್ಟ ಕಾಡು, ಹಿಮದ ಬೆಟ್ಟಗಳಿಗೆ ಬೇರೆಯೇ ತಯಾರಿ ಬೇಕು.

ಹಂತ 1: ಹಿಂದಿನ ದಿನ ಸಂಜೆಯೇ ದೂರದ ಲೆಕ್ಕ

ಮೊದಲು ಸೂರ್ಯ ಮುಳುಗುವ ಹೊತ್ತು ನೋಡಿಕೊಳ್ಳಿ. ಅದಕ್ಕಿಂತ ಒಂದೂವರೆ ಗಂಟೆ ಮುಂಚೆ ನಡಿಗೆ ನಿಲ್ಲಬೇಕು. ಜಾಗ ಹುಡುಕಲು, ಟೆಂಟ್ ಹಾಕಲು, ಕಾಲು ತೊಳೆದು ತಿನ್ನಲು ಅಷ್ಟು ಹೊತ್ತು ಬೇಕೇ ಬೇಕು. ಸೂರ್ಯಾಸ್ತ ಆರೂವರೆಗೆ ಅಂದರೆ ನಿಮ್ಮ ನಡಿಗೆಯ ದಿನ ಐದಕ್ಕೆ ಮುಗಿಯಿತು. ಅಲ್ಲಿಂದ ಹಿಂದಕ್ಕೆ ಬನ್ನಿ.

ಎಷ್ಟು ದೂರ ಆಗುತ್ತದೆ? 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ ಎಂಬ ಪರ್ವತಾರೋಹಿ ಒಂದು ಲೆಕ್ಕ ಕೊಟ್ಟರು. ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದು ಇವತ್ತಿಗೂ ಬಳಕೆಯಲ್ಲಿದೆ. ಆದರೆ ಇದರಲ್ಲಿ ವಿಶ್ರಾಂತಿ ಸೇರಿಲ್ಲ, ಬೆನ್ನಿನ ಭಾರವೂ ಸೇರಿಲ್ಲ. ಹತ್ತು ಹನ್ನೆರಡು ಕಿಲೋ ಹೊತ್ತು, ಆಗಾಗ ಕೂತು, ನೀರು ತುಂಬಿಸಿಕೊಂಡು ಹೋಗುವವರಿಗೆ ಗಂಟೆಗೆ ಮೂರೂವರೆ ಕಿಲೋಮೀಟರ್ ಸಿಕ್ಕರೆ ಸಾಕು. ಬೆಳಗ್ಗೆ ಆರೂವರೆಯಿಂದ ಸಂಜೆ ಐದರವರೆಗೆ, ಮಧ್ಯಾಹ್ನ ಎರಡು ಗಂಟೆ ಬಿಟ್ಟು, ಎಂಟೂವರೆ ಗಂಟೆ ಉಳಿಯುತ್ತದೆ. ಅಂದರೆ 28ರಿಂದ 30 ಕಿಲೋಮೀಟರ್. ಹೊಸಬರು ಇದಕ್ಕಿಂತ ಕಡಿಮೆ, 20ರ ಆಸುಪಾಸು ಇಟ್ಟುಕೊಳ್ಳಿ. ಉಸಿರು, ಸ್ನಾಯು ಬೇಗ ಹೊಂದಿಕೊಳ್ಳುತ್ತವೆ. ಎಲುಬು, ಕೀಲು, ಪಾದದ ಚರ್ಮ ನಿಧಾನ. ಎರಡನೇ ದಿನವೂ ನಡೆಯಬೇಕು ಅಂದರೆ ಮೊದಲ ದಿನ ಶಕ್ತಿ ಉಳಿದಿರುವಾಗಲೇ ನಿಲ್ಲಬೇಕು.

ಈಗ ಮ್ಯಾಪ್ ತೆಗೆಯಿರಿ. ಒಂದು ಜಾಗ ಗುರುತಿಸಿದರೆ ಸಾಲದು, ಮೂರು ಬೇಕು. ಲೆಕ್ಕದ ಪ್ರಕಾರ ತಲುಪುವ ಜಾಗ ಒಂದು, ಅದಕ್ಕಿಂತ ನಾಲ್ಕೈದು ಕಿಲೋಮೀಟರ್ ಮೊದಲೇ ಒಂದು, ಎರಡು ಮೂರು ಕಿಲೋಮೀಟರ್ ಮುಂದೆ ಇನ್ನೊಂದು. ಸ್ಯಾಟಲೈಟ್ ನೋಟದಲ್ಲಿ ಮರಗಳ ಗುಂಪು, ಬಯಲು, ಮುಖ್ಯ ರಸ್ತೆಯಿಂದ ಒಳಗೆ ಹೋಗುವ ಮಣ್ಣಿನ ದಾರಿ ಕಾಣುತ್ತವೆ. ನೀರು ಸಿಗುವ ಜಾಗಗಳನ್ನೂ ಗುರುತು ಹಾಕಿ. ಮ್ಯಾಪನ್ನು ಆಫ್‌ಲೈನ್ ಇಳಿಸಿಕೊಳ್ಳಿ. ಮೊಬೈಲ್ ಸಿಗ್ನಲ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ, ಮ್ಯಾಪ್ ಮಾತ್ರ ಫೋನಿನೊಳಗೆ ಇರಬೇಕು.

ಅಲ್ಲಿ ಟೆಂಟ್ ಹಾಕಲು ಅನುಮತಿ ಇದೆಯಾ ಅನ್ನುವುದನ್ನೂ ಆಗಲೇ ನೋಡಿಬಿಡಿ. ಇದು ದೇಶದಿಂದ ದೇಶಕ್ಕೆ ಪೂರ್ತಿ ಬದಲಾಗುತ್ತದೆ. ನಾರ್ವೆಯಲ್ಲಿ 1957ರ ಕಾನೂನಿನ ಪ್ರಕಾರ ಸಾಗುವಳಿ ಇಲ್ಲದ ಬಯಲಿನಲ್ಲಿ, ಜನ ವಾಸವಿರುವ ಮನೆಯಿಂದ 150 ಮೀಟರ್ ಆಚೆ, ಯಾರನ್ನೂ ಕೇಳದೆ ಟೆಂಟ್ ಹಾಕಬಹುದು. ಸ್ಕಾಟ್ಲೆಂಡಿನಲ್ಲೂ 2003ರ ಭೂಸುಧಾರಣೆ ಕಾನೂನು ಇಂಥದ್ದೇ ಹಕ್ಕು ಕೊಟ್ಟಿದೆ. ಬೇರೆ ಹಲವು ಕಡೆ ಇದಕ್ಕೆ ದಂಡ ಬೀಳುತ್ತದೆ, ಅಥವಾ ಜಾಗದ ಯಜಮಾನರ ಒಪ್ಪಿಗೆ ಬೇಕಾಗುತ್ತದೆ. ರಕ್ಷಿತಾರಣ್ಯ, ಸೇನೆಯ ಜಾಗ, ಅಣೆಕಟ್ಟು, ಗಡಿ ಪ್ರದೇಶಗಳ ಹತ್ತಿರ ಎಲ್ಲೇ ಆದರೂ ಮಲಗಬೇಡಿ.

ಕೊನೆಯದಾಗಿ, ನಂಬುವ ಒಬ್ಬರಿಗೆ ದಾರಿ ತಿಳಿಸಿ. ಬೆಳಗ್ಗೆ ಹೊರಡುವಾಗ ಒಂದು ಸಂದೇಶ, ಸಂಜೆ ಟೆಂಟ್ ಹಾಕಿದ ಮೇಲೆ ಜಿಪಿಎಸ್ ಗುರುತಿನ ಜೊತೆ ಇನ್ನೊಂದು. ಇಷ್ಟು ಗಂಟೆಯೊಳಗೆ ಸಂದೇಶ ಬರದಿದ್ದರೆ ಏನು ಮಾಡಬೇಕು, ಯಾರಿಗೆ ಫೋನ್ ಮಾಡಬೇಕು ಅನ್ನುವುದನ್ನು ಮೊದಲೇ ಮಾತಾಡಿಕೊಳ್ಳಿ. ಸಿಗ್ನಲ್ ಇಲ್ಲದ ದಾರಿ ಅಂದರೆ ಆ ಗಡುವನ್ನು ಮರುದಿನ ಬೆಳಗಿಗೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ಮನೆಯವರು ಸುಮ್ನೆ ಗಾಬರಿಯಾಗುತ್ತಾರೆ.

ಹಂತ 2: ಬ್ಯಾಗ್ ತುಂಬುವುದು

ನೀರು, ಊಟ ಎಲ್ಲ ಸೇರಿ ನಿಮ್ಮ ತೂಕದ ಐದನೇ ಒಂದು ಭಾಗವನ್ನು ಬ್ಯಾಗ್ ಮೀರಬಾರದು. ಅದಕ್ಕಿಂತ ಕಡಿಮೆ ಆದಷ್ಟೂ ಒಳ್ಳೆಯದು. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ. ಮೂರು ಲೀಟರ್ ಹೊರಬೇಕಾದ ದಾರಿಯಲ್ಲಿ ಬೇರೆ ಮೂರು ಕಿಲೋ ಇಳಿಸಲೇಬೇಕು.

ಸ್ಲೀಪಿಂಗ್ ಬ್ಯಾಗ್ ತಳಕ್ಕೆ. ಭಾರದ ವಸ್ತುಗಳು ನಡುವೆ, ಬೆನ್ನಿಗೆ ಅಂಟಿಕೊಂಡಂತೆ. ಮಳೆ ಕೋಟು, ಟೆಂಟ್ ಮೇಲೆ, ಯಾಕೆಂದರೆ ಮಳೆ ಬಂದಾಗ ಮೊದಲು ಕೈಗೆ ಸಿಗಬೇಕಾದದ್ದು ಅವೇ. ಒಳಗೆಲ್ಲ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಹಾಸಿ, ಅದರೊಳಗೆ ಸಾಮಾನು ಇಡಿ. ಬ್ಯಾಗಿನ ಮೇಲೆ ಹಾಕುವ ಕವರ್ ಜೋರು ಮಳೆಯಲ್ಲಿ ಬೆನ್ನಿನ ಕಡೆಯಿಂದ ನೀರು ಬಿಟ್ಟುಕೊಡುತ್ತದೆ. ಒಳಗಿನ ಚೀಲ ಬಿಡುವುದಿಲ್ಲ.

ಸೊಂಟದ ಪಟ್ಟಿಯ ಬಗ್ಗೆ ಸ್ವಲ್ಪ ಗಮನ ಕೊಡಿ. ಅದು ಹೊಟ್ಟೆಯ ಮೇಲಲ್ಲ, ಸೊಂಟದ ಎರಡೂ ಬದಿ ಕೈಗೆ ಸಿಗುವ ಎಲುಬಿನ ಮೇಲೆ ಕೂರಬೇಕು. ಮೊದಲು ಅದನ್ನು ಬಿಗಿ ಮಾಡಿ, ಆಮೇಲೆ ಹೆಗಲ ಪಟ್ಟಿ ಎಳೆಯಿರಿ. ಸರಿಯಾಗಿ ಕೂತಿದ್ದರೆ ಹೆಗಲ ಪಟ್ಟಿಯ ಕೆಳಗೆ ಬೆರಳು ಸುಲಭವಾಗಿ ಹೋಗುತ್ತದೆ, ಭಾರ ಹೆಚ್ಚಾಗಿ ಸೊಂಟದ ಮೇಲಿರುತ್ತದೆ.

ಫೋನನ್ನು ಫ್ಲೈಟ್ ಮೋಡ್‌ನಲ್ಲಿಟ್ಟರೆ ಚಾರ್ಜ್ ಬಹಳ ಹೊತ್ತು ಬರುತ್ತದೆ. 10,000 ಎಂಎಎಚ್ ಪವರ್ ಬ್ಯಾಂಕ್ ಒಂದು ಫೋನಿಗೆ ಒಂದರಿಂದ ಎರಡು ಸಲ ಸಾಕು. ಹೆಡ್‌ಲ್ಯಾಂಪ್ ಮರೆಯಬೇಡಿ. ಟೆಂಟ್ ಹಾಕುವಾಗ ಎರಡೂ ಕೈ ಬೇಕು, ಫೋನಿನ ಟಾರ್ಚ್ ಹಿಡಿದುಕೊಂಡು ಆಗದ ಕೆಲಸ ಅದು.

ಹಂತ 3: ಹೊರಡುವ ಮೊದಲು ಪಾದ

ಈ ಹಂತಕ್ಕೆ ಹತ್ತು ನಿಮಿಷ ಕೊಡಿ. ದಿನದ ಹತ್ತು ನಿಮಿಷಗಳಲ್ಲಿ ಇದಕ್ಕಿಂತ ಬೆಲೆಯುಳ್ಳದ್ದು ಇನ್ನೊಂದಿಲ್ಲ.

ಗುಳ್ಳೆ ಏಳುವುದು ಬರೀ ಉಜ್ಜಾಟದಿಂದಲ್ಲ. ಹೆಜ್ಜೆ ಇಟ್ಟಾಗ ಎಲುಬು ಮುಂದೆ ಸರಿಯುತ್ತದೆ, ಚರ್ಮ ಸಾಕ್ಸಿಗೆ ಕಚ್ಚಿಕೊಂಡು ಅಲ್ಲೇ ನಿಲ್ಲುತ್ತದೆ. ನಡುವಿನ ಪದರಗಳು ಎಳೆದಾಡಿ ಬಿರುಕು ಬಿಡುತ್ತವೆ, ಆ ಜಾಗಕ್ಕೆ ನೀರು ತುಂಬುತ್ತದೆ. ಬೆವರಿನಿಂದ ಚರ್ಮ ಮೆತ್ತಗಾದರೆ ಇದೆಲ್ಲ ಇನ್ನೂ ಬೇಗ. ಆದ್ದರಿಂದ ಮೂರು ಕೆಲಸ: ಪಾದ ಒಣಗಿರಬೇಕು, ಶೂ ಒಳಗೆ ಪಾದ ಜಾರಬಾರದು, ಉಜ್ಜುವ ಜಾಗಕ್ಕೆ ಮೊದಲೇ ಟೇಪ್ ಬೀಳಬೇಕು.

ಹತ್ತಿಯ ಸಾಕ್ಸ್ ಬೆವರು ಹೀರಿ ಒದ್ದೆಯಾಗೇ ಇರುತ್ತದೆ, ದೂರದ ನಡಿಗೆಗೆ ಬೇಡ. ತೆಳುವಾದ ಉಣ್ಣೆ ಅಥವಾ ಸಿಂಥೆಟಿಕ್ ಇರಲಿ. ಶೂ ಮಾಮೂಲಿ ಅಳತೆಗಿಂತ ಅರ್ಧ ಅಥವಾ ಒಂದು ಸೈಜ್ ದೊಡ್ಡದಿರಲಿ, ಏಕೆಂದರೆ ಮಧ್ಯಾಹ್ನದ ಹೊತ್ತಿಗೆ ಪಾದ ಊದಿಕೊಳ್ಳುತ್ತದೆ. ಹೊಸ ಶೂ ಹಾಕಿಕೊಂಡು ದೂರ ಹೊರಡಬೇಡಿ. ಉಗುರನ್ನು ನೇರವಾಗಿ ಕತ್ತರಿಸಿ. ಇಳಿಜಾರಿನಲ್ಲಿ ಉದ್ದ ಉಗುರು ಶೂ ಮೂತಿಗೆ ಬಡಿದು ಕಪ್ಪಾಗುತ್ತದೆ.

ಹಿಮ್ಮಡಿಗೆ ಟೇಪ್ ಹಚ್ಚುವಾಗ ಅದರ ನಾಲ್ಕೂ ಮೂಲೆಯನ್ನು ಕತ್ತರಿಯಿಂದ ದುಂಡಗೆ ಮಾಡಿ. ಚೂಪು ಮೂಲೆ ಮೊದಲು ಏಳುತ್ತದೆ, ಎದ್ದ ಮೂಲೆ ಸಾಕ್ಸಿಗೆ ಸಿಕ್ಕಿ ಸುರುಳಿಯಾಗುತ್ತದೆ, ಆ ಸುರುಳಿಯೇ ಹೊಸ ಗುಳ್ಳೆ ಮಾಡುತ್ತದೆ. ಹಚ್ಚಿದ ಮೇಲೆ ಅಂಗೈಯಿಂದ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಬಿಸಿಗೆ ಅಂಟು ಚೆನ್ನಾಗಿ ಕೂರುತ್ತದೆ. ತೊಡೆ ಸಂದು, ಕಂಕುಳಿಗೆ ಪೆಟ್ರೋಲಿಯಂ ಜೆಲ್ಲಿ ಸವರಿ.

ಹಂತ 4: ರಸ್ತೆಯಲ್ಲಿ ನಡೆಯುವ ರೀತಿ

ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ಎದುರಿನಿಂದ ವಾಹನ ಬರುವ ಬದಿಯಲ್ಲೇ ನಡೆಯಿರಿ. ಬರುವುದು ನಿಮಗೆ ಕಾಣುತ್ತದೆ, ಪಕ್ಕಕ್ಕೆ ಸರಿಯಲು ಹೊತ್ತು ಸಿಗುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ನೀವು ಒಂದು ಹೆಜ್ಜೆ ಹಾಕುವಷ್ಟರಲ್ಲಿ ಅದು ಹತ್ತು ಮೀಟರಿಗೂ ಹೆಚ್ಚು ಹತ್ತಿರ ಬಂದಿರುತ್ತದೆ.

ಈ ನಿಯಮಕ್ಕೂ ಒಂದು ಅಪವಾದ ಇದೆ. ರಸ್ತೆ ನಿಮ್ಮ ಬದಿಗೇ ತಿರುಗುವ ಕುರುಡು ತಿರುವಿನಲ್ಲಿ ಒಳಮಗ್ಗುಲಿಗೆ ಅಂಟಿಕೊಂಡು ಹೋದರೆ ಎದುರಿನ ಚಾಲಕರಿಗೆ ನೀವು ಕಾಣುವುದೇ ಇಲ್ಲ. ಅಂಥ ಕಡೆ ತಿರುವು ಶುರುವಾಗುವ ಮುಂಚೆಯೇ ರಸ್ತೆಯ ಆಚೆ ಬದಿಗೆ ದಾಟಿ, ಹೊರಮಗ್ಗುಲಲ್ಲಿ ಹೋಗಿ, ನೇರ ರಸ್ತೆ ಸಿಕ್ಕ ಮೇಲೆ ವಾಪಸ್ ಬನ್ನಿ.

ಇನ್ನೊಂದು ಅಪಾಯ ಬಹಳ ಜನರ ಗಮನಕ್ಕೆ ಬರುವುದಿಲ್ಲ. ನೀವು ಎದುರಿನ ವಾಹನ ನೋಡುತ್ತಿರುತ್ತೀರಿ, ಹಿಂದಿನಿಂದ ಬರುವವನು ಓವರ್‌ಟೇಕ್ ಮಾಡಲು ನಿಮ್ಮ ಬದಿಗೆ ನುಗ್ಗುತ್ತಾನೆ. ನಿಮ್ಮ ಬೆನ್ನಿಗೆ ಒಂದು ಕೈ ದೂರದಲ್ಲಿ ಗಾಡಿ! ಆದ್ದರಿಂದ ಎರಡೂ ಕಿವಿಗೆ ಇಯರ್‌ಫೋನ್ ಬೇಡವೇ ಬೇಡ. ಹಿಂದೆ ಎರಡು ಎಂಜಿನ್‌ಗಳ ಸದ್ದು ಒಟ್ಟಿಗೆ ಕೇಳಿದರೆ ಹಿಂತಿರುಗಿ ನೋಡದೆಯೇ ಟಾರು ಬಿಟ್ಟು ಕೆಳಗಿಳಿಯಿರಿ. ಕಿರಿದಾದ ಸೇತುವೆ ಬಂದಾಗ ಎರಡೂ ಕಡೆ ಖಾಲಿಯಾಗುವವರೆಗೆ ಕಾಯಿರಿ, ಆಮೇಲೆ ಬೇಗ ದಾಟಿ. ದೊಡ್ಡ ಲಾರಿ ಪಕ್ಕದಲ್ಲಿ ಹಾದಾಗ ಗಾಳಿ ಮೊದಲು ತಳ್ಳುತ್ತದೆ, ಮರುಕ್ಷಣ ರಸ್ತೆಯ ಕಡೆಗೆ ಎಳೆಯುತ್ತದೆ. ಟೋಪಿ ಹಿಡಿದುಕೊಂಡು, ಕಾಲು ಸ್ವಲ್ಪ ಅಗಲಿಸಿ ನಿಂತುಬಿಡಿ.

ನಸುಕಿನಲ್ಲೂ ಸಂಜೆಯಲ್ಲೂ ರಿಫ್ಲೆಕ್ಟರ್ ಪಟ್ಟಿ ಬೇಕು. ಎದೆಗೆ ಮಾತ್ರ ಕಟ್ಟಿಕೊಂಡರೆ ಚಾಲಕರಿಗೆ ಅದು ಯಾವುದೋ ಕಂಬದ ಮಿನುಗಿನಂತೆ ಕಾಣಬಹುದು. ಕಣಕಾಲಿಗೂ ಮೊಣಕಾಲಿಗೂ ಕಟ್ಟಿ. ಅದು ಹೆಜ್ಜೆಯ ಲಯದಲ್ಲಿ ಆಡುತ್ತದೆ, ಇದು ಮನುಷ್ಯ ಅಂತ ಕಣ್ಣು ತಕ್ಷಣ ಗುರುತಿಸುತ್ತದೆ.

ರಸ್ತೆಯ ಇಳುಕಲಿನ ಬಗ್ಗೆ ಒಂದು ಮಾತು. ಮಳೆ ನೀರು ಹರಿದುಹೋಗಲಿ ಅಂತ ಟಾರು ರಸ್ತೆಯನ್ನು ನಡುವೆ ಎತ್ತರ, ಅಂಚಿಗೆ ತಗ್ಗು ಮಾಡಿರುತ್ತಾರೆ. ದಿನವೆಲ್ಲ ಒಂದೇ ಅಂಚಿನಲ್ಲಿ ನಡೆದರೆ ಒಂದು ಕಾಲು ಯಾವಾಗಲೂ ತಗ್ಗಿನಲ್ಲಿ ಬೀಳುತ್ತದೆ. ಸಂಜೆಗೆ ಒಂದೇ ಮೊಣಕಾಲು, ಒಂದೇ ಸೊಂಟ ನೋಯುವುದಕ್ಕೆ ಹಲವು ಸಲ ಇದೇ ಕಾರಣ. ಟಾರಿನ ಪಕ್ಕ ಗಟ್ಟಿ ಮಣ್ಣಿನ ಅಂಚು ಸಮವಾಗಿದ್ದರೆ ಅಲ್ಲಿ ನಡೆಯಿರಿ. ಮಣ್ಣು ಕಾಲಿಗೂ ಮೃದು. ವಾಹನವೇ ಇಲ್ಲದ ಒಳರಸ್ತೆಯಲ್ಲಿ, ಎರಡೂ ಕಡೆ ದೂರದವರೆಗೆ ಕಾಣುವಾಗ, ಸ್ವಲ್ಪ ಹೊತ್ತು ಬದಿ ಬದಲಿಸಿ.

ಹಂತ 5: ಐವತ್ತು ನಿಮಿಷ ನಡಿಗೆ, ಹತ್ತು ನಿಮಿಷ ಕೂರುವುದು

ಮೊದಲ ಅರ್ಧ ಗಂಟೆ ಬೇಕೆಂದೇ ನಿಧಾನ ಹೋಗಿ. ಅಷ್ಟರಲ್ಲಿ ಒಮ್ಮೆ ನಿಂತು ಲೇಸ್ ಸರಿಮಾಡಿಕೊಳ್ಳಿ. ಆಮೇಲೆ ಐವತ್ತು ನಿಮಿಷ ನಡಿಗೆ, ಹತ್ತು ನಿಮಿಷ ವಿಶ್ರಾಂತಿ. ಸುಸ್ತಾದ ಮೇಲೆ ಕೂತರೆ ಅದು ವಿಶ್ರಾಂತಿಯಲ್ಲ, ರಿಪೇರಿ. ಸುಸ್ತಾಗುವ ಮುಂಚೆಯೇ ಕೂರಬೇಕು.

ಕೂತ ತಕ್ಷಣ ಶೂ, ಸಾಕ್ಸ್ ಎರಡೂ ಬಿಚ್ಚಿ. ಸಾಕ್ಸನ್ನು ಒಳಮೈ ಹೊರಗೆ ಮಾಡಿ ಬಿಸಿಲಿಗೆ ಹಾಕಿ. ಪಾದವನ್ನು ಬ್ಯಾಗಿನ ಮೇಲಿಡಿ. ಎಲ್ಲಾದರೂ ಬಿಸಿ ಅನ್ನಿಸಿದರೆ, ಕೆಂಪು ಕಂಡರೆ, ಆಗಲೇ ಟೇಪ್ ಹಾಕಿ. ನಡೆಯುವಾಗ ಹಾಗನ್ನಿಸಿದರೂ ಅಷ್ಟೇ, ಮುಂದಿನ ಮರದವರೆಗೆ ಹೋಗೋಣ ಅನ್ನಬೇಡಿ. ಆ ಒಂದು ಕಿಲೋಮೀಟರಿನಲ್ಲೇ ಗುಳ್ಳೆ ಏಳುತ್ತದೆ.

ಎದ್ದೇ ಬಿಟ್ಟರೆ? ಸಣ್ಣದು, ನೋವಿಲ್ಲ ಅಂದರೆ ಒಡೆಯಬೇಡಿ. ನಡುವೆ ತೂತು ಮಾಡಿದ ದಪ್ಪ ಪ್ಯಾಡನ್ನು ಅದರ ಸುತ್ತ ಕೂರುವಂತೆ ಅಂಟಿಸಿ. ದೊಡ್ಡದಾಗಿ ಊದಿ ಹೆಜ್ಜೆ ಇಡಲಾಗದಿದ್ದರೆ ಕೈ, ಗುಳ್ಳೆ ಎರಡನ್ನೂ ಸೋಪಿನಿಂದ ತೊಳೆದು, ಸ್ಪಿರಿಟ್ಟಿನಲ್ಲಿ ಒರೆಸಿದ ಸೂಜಿಯಿಂದ ಅಂಚಿನಲ್ಲಿ ಎರಡು ಮೂರು ಕಡೆ ಸಣ್ಣಗೆ ಚುಚ್ಚಿ ನೀರು ಇಳಿಸಿ. ಮೇಲಿನ ಚರ್ಮ ಕೀಳಬೇಡಿ, ಅದೇ ರಕ್ಷಣೆ. ಪೆಟ್ರೋಲಿಯಂ ಜೆಲ್ಲಿ ಸವರಿ, ಬ್ಯಾಂಡೇಜ್ ಹಾಕಿ. ಸಕ್ಕರೆ ಕಾಯಿಲೆ ಇರುವವರು ತಾವೇ ಚುಚ್ಚಿಕೊಳ್ಳಲೇಬಾರದು, ವೈದ್ಯರ ಹತ್ತಿರ ಹೋಗಬೇಕು. ಕೀವು, ಮೇಲಕ್ಕೆ ಹತ್ತುವ ಕೆಂಪು ಗೆರೆ, ಜ್ವರ ಕಂಡರೆ ಯಾರೇ ಆಗಲಿ ನಡಿಗೆ ನಿಲ್ಲಿಸಬೇಕು.

ಹಂತ 6: ನೀರು, ಊಟ, ಬಿಸಿಲು

ಹದ ಹವೆಯಲ್ಲಿ ಗಂಟೆಗೆ ಸುಮಾರು ಅರ್ಧ ಲೀಟರ್ ನೀರು. ಬಿಸಿಲು ಜಾಸ್ತಿ ಇದ್ದರೆ ಇನ್ನೂ ಹೆಚ್ಚು. ಮೂತ್ರ ತಿಳಿ ಹಳದಿ ಇದ್ದರೆ ಸರಿಯಿದೆ, ಗಾಢವಾದರೆ ಸಾಲುತ್ತಿಲ್ಲ. ಹಾಗಂತ ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿಯುವುದೂ ಅಪಾಯ. ಬೆವರಿನಲ್ಲಿ ಉಪ್ಪು ಹೋಗಿರುತ್ತದೆ, ಮೇಲಿಂದ ನೀರು ತುಂಬಿದರೆ ರಕ್ತದಲ್ಲಿ ಸೋಡಿಯಂ ಇನ್ನೂ ಇಳಿಯುತ್ತದೆ. ತಲೆನೋವು, ವಾಕರಿಕೆ, ಗೊಂದಲ ಶುರುವಾಗುತ್ತದೆ. ಉಪ್ಪಿರುವ ತಿಂಡಿ ತಿನ್ನುತ್ತಿರಿ. ಬೆವರು ಸುರಿಯುವ ದಿನ ಒಂದು ಪ್ಯಾಕೆಟ್ ಓಆರ್‌ಎಸ್ ಅನ್ನು ಅದರ ಮೇಲೆ ಬರೆದ ಅಳತೆಯ ನೀರಿಗೇ ಬೆರೆಸಿ ಕುಡಿಯಿರಿ.

ದಾರಿಯ ನೀರನ್ನು ಶುದ್ಧ ಮಾಡದೆ ಕುಡಿಯಬೇಡಿ. ಕುದಿಸುವುದೇ ಎಲ್ಲಕ್ಕಿಂತ ಭದ್ರ: ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ, 2,000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ. ಕೈಯಲ್ಲಿ ಒತ್ತುವ ಸಣ್ಣ ಫಿಲ್ಟರ್‌ಗಳು ಬ್ಯಾಕ್ಟೀರಿಯಾ ತಡೆಯುತ್ತವೆ, ವೈರಸ್ ತಡೆಯುವುದಿಲ್ಲ. ಒಮ್ಮೆ ಹೆಪ್ಪುಗಟ್ಟಿದರೆ ಅವು ಕೆಟ್ಟಂತೆಯೇ. ಇನ್ನು ರಸ್ತೆ ಪಕ್ಕದ ಚರಂಡಿ, ಹೊಲದಿಂದ ಬಸಿದು ಬಂದ ನೀರು ಮುಟ್ಟಲೇಬೇಡಿ. ಎಣ್ಣೆ, ಕೀಟನಾಶಕ ಕುದಿಸಿದರೂ ಹೋಗುವುದಿಲ್ಲ.

ಒಂದೇ ಸಲ ಹೊಟ್ಟೆ ಬಿರಿಯೆ ತಿಂದರೆ ಮುಂದಿನ ಗಂಟೆ ಕಾಲು ಎಳೆಯುತ್ತದೆ. ಪ್ರತಿ ವಿಶ್ರಾಂತಿಯಲ್ಲೂ ಒಂದು ಹಿಡಿ ಬೀಜ, ಒಣಹಣ್ಣು, ಸ್ವಲ್ಪ ಸಿಹಿ ಸಾಕು.

ನೆತ್ತಿಯ ಬಿಸಿಲಿನ ಎರಡು ಗಂಟೆ ನೆರಳಿನಲ್ಲಿ ಕಳೆಯಿರಿ, ಮಲಗಿದರೂ ಸರಿ. ತಲೆ ಸುತ್ತು, ವಾಕರಿಕೆ, ತಣ್ಣನೆಯ ಬೆವರು ಬಂದರೆ ಅಲ್ಲೇ ಕೂತು ಬಟ್ಟೆ ಸಡಿಲಿಸಿ, ಮೈ ಒದ್ದೆ ಮಾಡಿಕೊಳ್ಳಿ. ಮಾತು ತೊದಲಿದರೆ, ಎಲ್ಲಿದ್ದೇನೆ ಎಂಬುದೇ ಗೊಂದಲವಾದರೆ ಅದು ಹೀಟ್ ಸ್ಟ್ರೋಕ್, ಜೀವಕ್ಕೇ ಅಪಾಯ. ಒಬ್ಬರೇ ಇರುವಾಗ ಆ ಹಂತಕ್ಕೆ ಹೋದರೆ ನಮಗೇ ಗೊತ್ತಾಗುವುದಿಲ್ಲ. ಅದಕ್ಕೇ ಮೊದಲ ಲಕ್ಷಣಕ್ಕೇ ನಿಂತು, ಯಾರಿಗಾದರೂ ಫೋನ್ ಮಾಡಿ ಹೇಳಬೇಕು. ತುರ್ತು ಕರೆಗೆ 112 ಬಹಳ ದೇಶಗಳಲ್ಲಿ ಕೆಲಸ ಮಾಡುತ್ತದೆ. ಹೋಗುವ ಕಡೆಯ ನಂಬರನ್ನು ಮೊದಲೇ ಬರೆದಿಟ್ಟುಕೊಳ್ಳಿ.

ನಾಯಿ ಅಟ್ಟಿಸಿಕೊಂಡು ಬಂದರೆ ಓಡಬೇಡಿ. ನಿಂತುಬಿಡಿ, ಕಣ್ಣಿಗೆ ಕಣ್ಣಿಟ್ಟು ನೋಡಬೇಡಿ, ಬ್ಯಾಗ್ ಅಥವಾ ಕೋಲು ಮುಂದೆ ಹಿಡಿದು ಮೆಲ್ಲನೆ ದಾಟಿ. ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ನೇರ ಆಸ್ಪತ್ರೆಗೆ. ರೇಬೀಸ್ ಲಸಿಕೆಯನ್ನು ನಾಳೆಗೆ ಮುಂದೂಡುವಂತಿಲ್ಲ.

ಹಂತ 7: ಮಧ್ಯಾಹ್ನ ಮೂರರ ತೀರ್ಮಾನ

ಹೆಚ್ಚುಕಡಿಮೆ ಮೂರು ಗಂಟೆಗೆ ಒಮ್ಮೆ ನಿಂತು ಮ್ಯಾಪ್ ತೆಗೆಯಿರಿ. ಮೂರು ಜಾಗ ಗುರುತಿಸಿದ್ದಿರಲ್ವಾ, ಅದರಲ್ಲಿ ಯಾವುದಕ್ಕೆ ಹೋಗುವುದು ಅಂತ ಈಗಲೇ ನಿರ್ಧರಿಸಿ. ಐದಕ್ಕೆ ನಿರ್ಧರಿಸಿದರೆ ಸುಸ್ತು ನಿರ್ಧರಿಸುತ್ತದೆ, ನೀವಲ್ಲ. ಗಾಳಿ ಎದುರಿಗಿದ್ದರೆ, ಗುಳ್ಳೆ ಶುರುವಾಗಿದ್ದರೆ, ಮೋಡ ಕಟ್ಟಿದ್ದರೆ ಹತ್ತಿರದ್ದನ್ನೇ ಆರಿಸಿ.

ರಾತ್ರಿಗೂ ಮರುದಿನ ಬೆಳಗಿಗೂ ಬೇಕಾದ ನೀರನ್ನು ಟೆಂಟ್ ಜಾಗಕ್ಕೆ ಸ್ವಲ್ಪ ಮೊದಲೇ ತುಂಬಿಸಿಕೊಳ್ಳಿ. ಎರಡು ಮೂರು ಲೀಟರ್ ಬೇಕು. ಕೊನೆಯ ಎರಡು ಕಿಲೋಮೀಟರ್ ಭಾರ ಹೊರಬೇಕಾಗುತ್ತದೆ ನಿಜ, ಆದರೆ ನೀರಿನ ಪಕ್ಕದಲ್ಲೇ ಮಲಗಬೇಕಾದ ಒತ್ತಡ ಇರುವುದಿಲ್ಲ.

ಫೋನ್ ಸತ್ತಿದ್ದರೆ ಬೆಳಕಿನ ಅಂದಾಜಿಗೆ ಹಳೆಯ ಉಪಾಯವಿದೆ. ಕೈ ಪೂರ್ತಿ ಮುಂದೆ ಚಾಚಿ, ಅಂಗೈ ನಿಮ್ಮ ಕಡೆಗೆ ಮಾಡಿ, ಬೆರಳುಗಳನ್ನು ಅಡ್ಡಲಾಗಿ ಸೂರ್ಯನ ಕೆಳಗಿಡಿ. ಸೂರ್ಯನಿಂದ ದಿಗಂತದವರೆಗೆ ಎಷ್ಟು ಬೆರಳು ಹಿಡಿಯುತ್ತವೋ ನೋಡಿ. ಒಂದು ಬೆರಳಿಗೆ ಸುಮಾರು ಹದಿನೈದು ನಿಮಿಷ, ನಾಲ್ಕು ಬೆರಳಿಗೆ ಒಂದು ಗಂಟೆ. ಧ್ರುವಗಳ ಕಡೆಯ ದೇಶಗಳಲ್ಲಿ ಸೂರ್ಯ ಓರೆಯಾಗಿ ಇಳಿಯುವುದರಿಂದ ಅಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಸೂರ್ಯನನ್ನೇ ನೇರವಾಗಿ ದಿಟ್ಟಿಸಬೇಡಿ.

ಹಂತ 8: ಜಾಗ ಆರಿಸುವುದು

ಇಡೀ ದಿನದ ನಡಿಗೆ ಇಲ್ಲಿಗೆ ಬಂದು ನಿಲ್ಲುತ್ತದೆ. ನಿಧಾನವಾಗಿ ನೋಡಿ.

ಮೊದಲನೆಯದು ವಾಹನ. ತಿರುವಿನ ಹೊರಮಗ್ಗುಲಲ್ಲಿ ಎಷ್ಟೇ ಚಂದದ ಜಾಗ ಇದ್ದರೂ ಬೇಡ. ಹಿಡಿತ ತಪ್ಪಿದ ಗಾಡಿ ಅಲ್ಲಿಗೇ ಬರುತ್ತದೆ. ಲಾರಿಗಳು ರಾತ್ರಿ ನಿಲ್ಲುವ ಅಗಲ ಜಾಗವೂ ಬೇಡ. ಕತ್ತಲಲ್ಲಿ ರಿವರ್ಸ್ ತೆಗೆಯುವ ಚಾಲಕರಿಗೆ ನೆಲಮಟ್ಟದ ಟೆಂಟ್ ಕಾಣುವುದಿಲ್ಲ. ಮಣ್ಣಿನ ದಾರಿಯ ಮೇಲೆಯೇ ಟೆಂಟ್ ಹಾಕಬೇಡಿ, ಅದರಲ್ಲಿ ಬೆಳಗಿನ ಜಾವ ಟ್ರ್ಯಾಕ್ಟರ್ ಬರಬಹುದು. ರಸ್ತೆಯಿಂದ ಕನಿಷ್ಠ ಐವತ್ತು ಅರವತ್ತು ಮೀಟರ್ ಒಳಗೆ, ನಡುವೆ ಪೊದೆಯೋ ದಿಬ್ಬವೋ ಇದ್ದರೆ ಹೆಡ್‌ಲೈಟ್ ಬೆಳಕೂ ಬೀಳುವುದಿಲ್ಲ.

ಎರಡನೆಯದು ನೀರು. ಒಣಗಿದ ಹಳ್ಳದ ಮರಳು ಮೆತ್ತಗೆ ಸಮವಾಗಿರುತ್ತದೆ, ನೋಡಿದರೆ ಮಲಗಬೇಕು ಅನ್ನಿಸುತ್ತದೆ. ಮೇಲೆಲ್ಲೋ ದೂರದಲ್ಲಿ ಮಳೆಯಾದರೆ ಇಲ್ಲಿ ಒಂದು ಹನಿ ಬೀಳದೆಯೂ ಪ್ರವಾಹ ಬರುತ್ತದೆ. ಸೇತುವೆ, ಮೋರಿಯ ಕೆಳಗೂ ಇದೇ ಕಥೆ. ಪೊದೆಗಳ ಬುಡಕ್ಕೆ ಕಸಕಡ್ಡಿ ಒಂದೇ ಮಟ್ಟದಲ್ಲಿ ಸಿಕ್ಕಿಕೊಂಡಿದ್ದರೆ ಹಿಂದೆ ಅಷ್ಟು ಎತ್ತರಕ್ಕೆ ನೀರು ಬಂದಿತ್ತು ಅಂತ ತಿಳಿಯಿರಿ. ತಗ್ಗಿನಲ್ಲಿ ರಾತ್ರಿ ತಣ್ಣನೆ ಗಾಳಿ ಬಂದು ತುಂಬಿಕೊಳ್ಳುತ್ತದೆ, ಇಬ್ಬನಿಯೂ ಜಾಸ್ತಿ. ಸುತ್ತಲಿಗಿಂತ ಸ್ವಲ್ಪ ಎತ್ತರದ ಜಾಗ ಬೆಚ್ಚಗೂ ಇರುತ್ತದೆ, ಒಣಗಿಯೂ ಇರುತ್ತದೆ.

ಮೂರನೆಯದು ತಲೆಯ ಮೇಲೆ. ಒಣಗಿದ ಕೊಂಬೆ, ವಾಲಿದ ಮರ ಇದೆಯಾ ನೋಡಿ. ಗಾಳಿಯೇ ಇಲ್ಲದ ರಾತ್ರಿಯೂ ಒಣ ಕೊಂಬೆ ಬೀಳುತ್ತದೆ. ಬಯಲಿನ ಒಂಟಿ ಮರದ ಬುಡ ಸಿಡಿಲಿಗೆ ಆಹ್ವಾನ. ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರದಲ್ಲಿದೆ ಅಂತ ಗೊತ್ತಾಗುತ್ತದೆ. ಮೂವತ್ತು ಸೆಕೆಂಡಿಗಿಂತ ಕಡಿಮೆ ಬಂದರೆ ಟೆಂಟ್ ಬಿಟ್ಟು ಕಟ್ಟಡದೊಳಗೆ ಹೋಗಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ. ಟೆಂಟ್ ಸಿಡಿಲನ್ನು ತಡೆಯುವುದಿಲ್ಲ.

ನಾಲ್ಕನೆಯದು ಕಾಲ ಕೆಳಗೆ. ಇರುವೆ ಗೂಡು, ಬಿಲ, ಮುಳ್ಳು, ಪ್ರಾಣಿಗಳು ಓಡಾಡಿ ಸವೆದ ದಾರಿ. ಕಲ್ಲನ್ನು ಬರಿಗೈಯಲ್ಲಿ ಎತ್ತಬೇಡಿ, ಶೂ ತುದಿಯಿಂದ ಹೊರಳಿಸಿ. ಬೆಳೆ ಇರುವ ಹೊಲಕ್ಕೆ ಕಾಲಿಡಬೇಡಿ.

ಇನ್ನು ಜನ. ದಾರಿಯಲ್ಲಿ ಸಿಕ್ಕವರು ಬಹುಪಾಲು ಒಳ್ಳೆಯವರೇ. ಆದರೂ ಇವತ್ತು ಎಲ್ಲಿ ಮಲಗುತ್ತೀರಿ ಅಂತ ಅಪರಿಚಿತರು ಕೇಳಿದರೆ ನಿಖರ ಜಾಗ ಹೇಳಬೇಡಿ. ಮುಂದಿನ ಊರಿನಲ್ಲಿ ಪರಿಚಯದವರಿದ್ದಾರೆ ಅಂದರೆ ಸಾಕು. ರಸ್ತೆ ಬಿಟ್ಟು ಒಳಗೆ ತಿರುಗುವಾಗ ಹಿಂದೆ ಮುಂದೆ ಯಾರೂ ಇಲ್ಲದ ಹೊತ್ತು ನೋಡಿಕೊಳ್ಳಿ. ಖಾಲಿ ಬಾಟಲಿ, ಹೊಸ ಸಿಗರೇಟ್ ತುಂಡು, ಬೆಂಕಿ ಹಾಕಿದ ಗುರುತು ಇದ್ದರೆ ರಾತ್ರಿ ಅಲ್ಲಿ ಜನ ಸೇರುತ್ತಾರೆ ಅಂತ ಅರ್ಥ, ಮುಂದೆ ಹೋಗಿ. ಕಾರಣ ಗೊತ್ತಿಲ್ಲದಿದ್ದರೂ ಜಾಗ ಸರಿಯಿಲ್ಲ ಅನ್ನಿಸಿದರೆ ವಾದ ಮಾಡದೆ ಹೊರಡಿ. ಎರಡನೇ ಜಾಗ ಗುರುತಿಸಿ ಇಟ್ಟದ್ದು ಇದಕ್ಕೇ.

ಜನರ ಪಕ್ಕದಲ್ಲಿ ಮಲಗುವುದೂ ಒಳ್ಳೆಯ ದಾರಿಯೇ. ತೋಟದ ಮನೆ, ಶಾಲೆ, ಪೆಟ್ರೋಲ್ ಬಂಕ್, ಪ್ರಾರ್ಥನಾ ಮಂದಿರಗಳಲ್ಲಿ ಕೇಳಬಹುದು. ಒಬ್ಬರೇ ನಡೆಯುವ ಹೆಣ್ಣುಮಕ್ಕಳಿಗೆ, ಕುಟುಂಬ ಇರುವ ಮನೆಯ ಅಂಗಳ ನಿರ್ಜನ ಪೊದೆಗಿಂತ ಎಷ್ಟೋ ಮೇಲು ಅನ್ನುವುದು ನನ್ನ ಅಭಿಪ್ರಾಯ. ಕೇಳುವುದಾದರೆ ಬೆಳಕಿರುವಾಗಲೇ ಕೇಳಿ. ಬ್ಯಾಗ್ ಕೆಳಗಿಟ್ಟು, ಟೋಪಿ, ಕನ್ನಡಕ ತೆಗೆದು, ಬಾಗಿಲಿನಿಂದ ಒಂದೆರಡು ಹೆಜ್ಜೆ ಹಿಂದೆ ನಿಂತು ಮಾತಾಡಿ. ಒಂದು ರಾತ್ರಿ, ಬೆಳಗ್ಗೆ ಬೇಗ ಹೊರಡುತ್ತೇನೆ, ಬೆಂಕಿ ಹಾಕುವುದಿಲ್ಲ. ಈ ಮೂರು ಹೇಳಿದರೆ ಅವರ ಅರ್ಧ ಅನುಮಾನ ಕಳೆಯುತ್ತದೆ.

ಹಂತ 9: ಟೆಂಟ್, ಮೈ, ರಾತ್ರಿ

ಟೆಂಟ್ ಬಿಚ್ಚುವ ಮುಂಚೆ ನೆಲದ ಮೇಲೆ ಒಮ್ಮೆ ಮಲಗಿ ನೋಡಿ. ಕಣ್ಣಿಗೆ ಸಮ ಕಂಡದ್ದು ಬೆನ್ನಿಗೆ ಸಮ ಇರುವುದಿಲ್ಲ. ಇಳಿಜಾರು ಇದ್ದರೆ ತಲೆ ಮೇಲ್ಗಡೆ. ಟೆಂಟಿನ ಬಾಗಿಲು ಗಾಳಿಗೆ ಬೆನ್ನು ಮಾಡಿರಲಿ. ಕೆಳಗೆ ಹಾಸುವ ಶೀಟ್ ಟೆಂಟಿನ ಅಂಚಿನಿಂದ ಆಚೆ ಇಣುಕಬಾರದು. ಇಣುಕಿದರೆ ಮಳೆ ನೀರನ್ನು ಹಿಡಿದು ನಿಮ್ಮ ಕೆಳಗೇ ತಂದುಬಿಡುತ್ತದೆ.

ಚಳಿ ಮೇಲಿನಿಂದ ಬರುವುದಕ್ಕಿಂತ ಹೆಚ್ಚು ನೆಲದಿಂದ ಬರುತ್ತದೆ. ಮೈಭಾರಕ್ಕೆ ಸ್ಲೀಪಿಂಗ್ ಬ್ಯಾಗಿನ ಕೆಳಮೈ ಚಪ್ಪಟೆಯಾಗಿ ಬಿಸಿ ಹಿಡಿಯುವುದಿಲ್ಲ. ಕೆಳಗೆ ಹಾಸುವ ಮ್ಯಾಟಿನ ಮೇಲೆ, ಅದು ನೆಲದ ಚಳಿಯನ್ನು ಎಷ್ಟು ತಡೆಯುತ್ತದೆ ಅಂತ ಹೇಳುವ ಆರ್-ವ್ಯಾಲ್ಯೂ ಅನ್ನುವ ಒಂದು ಅಂಕಿ ಇರುತ್ತದೆ. ಬೇಸಿಗೆಗೆ 2ರ ಆಸುಪಾಸು ಸಾಕು, ನೀರು ಹೆಪ್ಪುಗಟ್ಟುವ ಚಳಿಗೆ 4ಕ್ಕಿಂತ ಹೆಚ್ಚು ಬೇಕು. ಚಳಿಯಾದರೂ ಟೆಂಟಿನ ಗಾಳಿಕಿಂಡಿ ಪೂರ್ತಿ ಮುಚ್ಚಬೇಡಿ. ಉಸಿರಿನ ತೇವ ಒಳಗೋಡೆಯಲ್ಲಿ ಹನಿಗಟ್ಟಿ ಎಲ್ಲವನ್ನೂ ಒದ್ದೆ ಮಾಡುತ್ತದೆ. ಸ್ಟೌವ್ ಮಾತ್ರ ಟೆಂಟಿನೊಳಗೆ ಹಚ್ಚಲೇಬಾರದು. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ. ಒಣಹುಲ್ಲಿನ ಜಾಗದಲ್ಲಿ ಹೊರಗೂ ಬೇಡ, ತಣ್ಣನೆಯ ಊಟವೇ ಸಾಕು.

ಪಾದ ತೊಳೆದು, ಬೆರಳ ಸಂದಿ ಒರೆಸಿ, ಒಣ ಸಾಕ್ಸ್ ಹಾಕಿಕೊಳ್ಳಿ. ಈ ಜೋಡಿ ಮಲಗಲು ಮಾತ್ರ, ನಡೆಯಲು ಅಲ್ಲ. ಮೀನಖಂಡ, ತೊಡೆಯ ಹಿಂಭಾಗವನ್ನು ಮೆಲ್ಲನೆ ಎಳೆದು ಸಡಿಲಿಸಿ. ಶೌಚಕ್ಕೆ ನೀರಿನಿಂದ ಕನಿಷ್ಠ 60 ಮೀಟರ್ ದೂರ ಹೋಗಿ, 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ ತೋಡಿ, ಆಮೇಲೆ ಮುಚ್ಚಿ. ಪೇಪರ್ ಬಳಸಿದರೆ ಚೀಲದಲ್ಲಿ ಹಾಕಿ ಜೊತೆಗೆ ಒಯ್ಯಿರಿ.

ಮಲಗುವಾಗ ಹೆಡ್‌ಲ್ಯಾಂಪ್, ಫೋನ್, ನೀರು, ಶೂ ಇವು ಕಣ್ಣು ಮುಚ್ಚಿಯೂ ಕೈಗೆ ಸಿಗಬೇಕು. ಪ್ರತಿದಿನ ಒಂದೇ ಜಾಗದಲ್ಲಿಡಿ. ಶೂ ಟೆಂಟಿನೊಳಗೇ ಇರಲಿ, ಬೆಳಗ್ಗೆ ಕೊಡವಿ ಹಾಕಿಕೊಳ್ಳಿ. ಒಳಗೆ ದೀಪ ಹಚ್ಚಿದರೆ ಟೆಂಟ್ ದೂರದವರೆಗೆ ಕಾಣುತ್ತದೆ, ಆದಷ್ಟು ಬೇಗ ಆರಿಸಿ.

ಮೊದಲ ರಾತ್ರಿ ಎಲ್ಲ ಸದ್ದೂ ದೊಡ್ಡದಾಗಿ ಕೇಳುತ್ತದೆ. ಒಣ ಎಲೆಯ ಮೇಲೆ ಇಲಿ ಓಡಿದರೂ ಯಾರೋ ನಡೆದಂತೆ ಇರುತ್ತದೆ. ಹೆಜ್ಜೆಗೊಂದು ಲಯ ಇದೆಯಾ, ಸದ್ದು ಹತ್ತಿರವಾಗುತ್ತಿದೆಯಾ, ಇವೆರಡನ್ನೇ ಗಮನಿಸಿ. ನಿಜಕ್ಕೂ ಮನುಷ್ಯರು ಬಂದರೆ ಒಳಗೆ ಮುದುಡಿ ಕೂರುವುದಕ್ಕಿಂತ ಗಟ್ಟಿ ಧ್ವನಿಯಲ್ಲಿ ನೀವೇ ಮೊದಲು ನಮಸ್ಕಾರ ಹೇಳಿ, ಯಾರು ನೀವು, ಏಕೆ ಇಲ್ಲಿದ್ದೀರಿ ಅಂತ ತಿಳಿಸಿ. ಹೊಲದ ಯಜಮಾನರಾದರೆ ಕ್ಷಮೆ ಕೇಳಿ. ಹೊರಡಿ ಅಂದರೆ ಹೊರಡಿ, ವಾದ ಬೇಡ.

ಹಂತ 10: ಬೆಳಗ್ಗೆ

ಬೆಳಕು ಹರಿಯುವ ಹೊತ್ತಿಗೆ ಟೆಂಟ್ ಬಿಚ್ಚಿ. ಒದ್ದೆಯಾಗಿದ್ದರೆ ಹಾಗೇ ಸುತ್ತಿ ಬೇರೆ ಚೀಲದಲ್ಲಿಡಿ, ಮಧ್ಯಾಹ್ನದ ವಿಶ್ರಾಂತಿಯಲ್ಲಿ ಹರಡಿದರೆ ಒಣಗುತ್ತದೆ. ಟೆಂಟಿನ ಗೂಟ ಎಣಿಸಿ. ಕಸ ಒಂದು ಚೂರೂ ಬಿಡದೆ ಒಯ್ಯಿರಿ, ನಿಮ್ಮದಲ್ಲದ ಒಂದೆರಡು ಪ್ಲಾಸ್ಟಿಕ್ ಸಿಕ್ಕರೆ ಅದನ್ನೂ. ಮಲಗಿದ ಹುಲ್ಲನ್ನು ಕೈಯಿಂದ ಎಬ್ಬಿಸಿ. ಮುಂದಿನ ಬಾರಿ ಇನ್ನೊಬ್ಬರು ಬಂದು ಜಾಗ ಕೇಳಿದಾಗ ಯಜಮಾನರು ಹೂಂ ಅನ್ನುತ್ತಾರೋ ಇಲ್ಲವೋ ಅನ್ನುವುದು ನೀವು ಬಿಟ್ಟುಹೋದ ನೆಲದ ಮೇಲಿದೆ.

ಮನೆಗೆ ಸಂದೇಶ ಕಳಿಸಿ. ಆಮೇಲೆ ಬ್ಯಾಗ್ ಇಲ್ಲದೆ ಐವತ್ತು ಹೆಜ್ಜೆ ನಡೆದು ನೋಡಿ. ಬಿಗಿತ, ಮೈಕೈ ನೋವು ನಡೆಯುತ್ತಾ ಹೋಗುತ್ತದೆ. ಕಣಕಾಲಿನ ಮುಂದಿನ ಎಲುಬಿನ ಮೇಲೆ ಒಂದೇ ಕಡೆ ಬೆರಳಿಟ್ಟರೆ ಚುಚ್ಚುವ ನೋವು, ಹೆಜ್ಜೆ ಹೆಜ್ಜೆಗೂ ಹೆಚ್ಚುವ ಮೊಣಕಾಲು ನೋವು, ಕುಂಟುತ್ತಾ ನಡೆಯಬೇಕಾದ ಯಾವುದೇ ನೋವು ಇದ್ದರೆ ಇವತ್ತು ನಡಿಗೆ ಇಲ್ಲ. ಹತ್ತಿರದ ಬಸ್ ಹಿಡಿದು ಒಂದು ಊರಿನಲ್ಲಿ ಉಳಿಯಿರಿ. ಎರಡು ದಿನದಲ್ಲಿ ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಿ.